ದೇಸೂರಿನವರೆಗಿನ ಹೈಕೋರ್ಟು

ಖಾನಾಪುರದ ನಮ್ಮ ಓಣಿಗೆ ಹೈಕೋರ್ಟು ದಿನಾ ಸಂಜೆಯ ಪ್ಯಾಸೆಂಜರ್ ಗಾಡಿಗೆ ಬರುತ್ತಿತ್ತು. ಒಂದು ಕೈಯಲ್ಲಿ ಖಾಲಿ ಬುತ್ತಿ ಡಬ್ಬಿ, ಇನ್ನೊಂದು ಕೈಯಲ್ಲಿ ಕೊಡೆ, ಧೋತರದ ತುಂಬ ಹಂಚಿನ ಕೆಂಪು ಧೂಳು. ಮನೆಗೆ ಬಂದು ಕೈಕಾಲು ತೊಳೆದು, ಚಹಾ ಕುಡಿದು, ಮುಂದಿನ ಕಟ್ಟೆಯ ಮೇಲೆ ಕೂತಿತೆಂದರೆ ಕಲಾಪ ಶುರು. ಈ ಹೈಕೋರ್ಟಿಗೆ ತಂದೆತಾಯಿ ಇಟ್ಟ ಹೆಸರು ಸಿದ್ದಪ್ಪ.

ಸಿದ್ದಪ್ಪ ಹುಟ್ಟುವಾಗಲೇ ಹೈಕೋರ್ಟಾಗಿರಲಿಲ್ಲ. ಎಪ್ಪತ್ತೆಂಟನೆಯ ಇಸವಿ ಬರುವವರೆಗೆ ಅವನು ದೇಸೂರಿನ ಹಂಚಿನ ಕಾರ್ಖಾನೆಯೊಂದರ ಗುಮಾಸ್ತ, ಅಷ್ಟೇ. ಮುಂಜಾನೆ ಖಾನಾಪುರದಲ್ಲಿ ಗಾಡಿ ಹತ್ತುವುದು, ದೇಸೂರಿನಲ್ಲಿ ಇಳಿಯುವುದು, ಸಂಜೆ ಅದೇ ದಾರಿಯಲ್ಲಿ ಹಿಂದಕ್ಕೆ. ಅವನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಪಲ್ಯಕ್ಕೆ ಉಪ್ಪು ಸಾಕೋ ಬೇಕೋ ಎಂದು ಕೂಡ ಹೆಂಡತಿ ನಿಂಗವ್ವ ಕೇಳಿದವಳಲ್ಲ. ಅವಳು ಹಾಕುತ್ತಿದ್ದಳು, ಇವನು ತಿನ್ನುತ್ತಿದ್ದ. ಇಂಥ ಮನುಷ್ಯನ ಮಾತಿಗೆ ಒಂದು ದಿನ ನಾಲ್ಕು ಜನ ತಲೆದೂಗಿಬಿಟ್ಟರೆ ಆಗಬಾರದ್ದು ಏನೇನು ಆಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡವರು.

ಎಲ್ಲಕ್ಕೂ ಕಾರಣ ಗುರುಪುತ್ರಪ್ಪ ವಕೀಲರು. ಅವರು ಲೋಂಡಾದಲ್ಲಿ ಗಾಡಿ ಹತ್ತಿ ಬೆಳಗಾವಿಯ ಕೋರ್ಟಿಗೆ ಹೋಗುವವರು. ಕರಿ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತರೆ ಸುತ್ತ ಕಕ್ಷಿದಾರರ ಗುಂಪು. ಗಾಡಿ ಖಾನಾಪುರ ಬಿಡುತ್ತಲೂ ವಕೀಲರು ಗಂಟಲು ಸರಿಮಾಡಿಕೊಂಡು, "ಹೈಕೋರ್ಟಿಂದ ಹೊಸಾ ತೀರ್ಪ ಬಂದೈತಿ, ಕೇಳ್ರಿ" ಎಂದು ಶುರು ಮಾಡುತ್ತಿದ್ದರು. ಅವರಿಗೆ ಅವಸರವೆಂಬುದೇ ಇರಲಿಲ್ಲ. ಇದ್ದಲಹೊಂಡ ಬರುವವರೆಗೆ ಜಗಳ ಹೇಗೆ ಹುಟ್ಟಿತು, ಯಾರ ಅಜ್ಜ ಯಾರಿಗೆ ಏನೆಂದ ಎಂಬುದು. ಇದ್ದಲಹೊಂಡ ದಾಟಿದ ಮೇಲೆ ಮುನ್ಸಿಫ್ ಕೋರ್ಟಿನ ತೀರ್ಪು. ದೇಸೂರಿನ ಸಿಗ್ನಲ್ ಕಾಣುವ ಹೊತ್ತಿಗೆ ವಕೀಲರ ದನಿ ಏರುತ್ತಿತ್ತು: "ಆವಾಗ ಅಪೀಲ ಆತ್ರಿ! ಅಪೀಲಿನ ಕೋರ್ಟಿನವ್ರು ಏನ ಮಾಡಿದ್ರ ಗೊತ್ತೈತೇನು? ಮುನ್ಸಿಫರ ತೀರ್ಪ ಹರದ ಒಗದ್ರು!"

ಕಕ್ಷಿದಾರರು "ವ್ಹಾ" ಎನ್ನುತ್ತಿದ್ದರು. ವಕೀಲರ ಹಲಗೆಗೆ ಬೆನ್ನು ಹಚ್ಚಿ ಆಚೆ ಕೂತ ಸಿದ್ದಪ್ಪ ಮನಸ್ಸಿನಲ್ಲೇ "ವ್ಹಾ" ಎಂದು, ಡಬ್ಬಿ ಎತ್ತಿಕೊಂಡು, ತುಂಬಿದ ಎದೆಯಿಂದ ದೇಸೂರಿನಲ್ಲಿ ಇಳಿದುಬಿಡುತ್ತಿದ್ದ. ಕೋರ್ಟಿನ ಮೆಟ್ಟಿಲು ಎಂದೂ ಹತ್ತದ ಅವನ ಲೆಕ್ಕದಲ್ಲಿ ಕೋರ್ಟು ಎರಡೇ. ಒಂದು ಸಣ್ಣದು, ಇನ್ನೊಂದು ಅಪೀಲಿನದು. ಅಪೀಲಿನದೇ ಹೈಕೋರ್ಟು. ಆ ಅಪೀಲಿನ ಮೇಲೂ ಒಂದು ಅಪೀಲು ಇರಬಹುದು, ಅದನ್ನು ವಕೀಲರು ದೇಸೂರು ಬಿಟ್ಟ ಮೇಲೆ ಬೆಳಗಾವಿಯವರೆಗೆ ಹೇಳುತ್ತಿರಬಹುದು ಎಂಬ ಸಂಶಯ ಆ ಪುಣ್ಯಾತ್ಮನಿಗೆ ಕನಸಿನಲ್ಲೂ ಬರಲಿಲ್ಲ. ಓದುಗರಿಗೆ ಬಂದಿದ್ದರೆ ಸದ್ಯ ಬಾಯಿ ಬಿಡಬಾರದು.

ಮೊದಲ ತೀರ್ಪು ಆಡಿನದು. ಚಂದ್ರವ್ವನ ಆಡು ಬಸಯ್ಯ ಮಾಸ್ತರರ ಹಿತ್ತಲಿಗೆ ನುಗ್ಗಿ ಮೆಂತ್ಯದ ಮಡಿಯನ್ನು ನುಣ್ಣಗೆ ಮಾಡಿತ್ತು. ಮಾಸ್ತರರು ಆಡಿನ ಕಿವಿ ಹಿಡಿದು ಓಣಿಗೆ ಎಳೆದು ತಂದು, ಗೊತ್ತಿದ್ದೂ ಗೊತ್ತಿದ್ದೂ, "ಇದರ ಮಾಲಕರು ಯಾರು?" ಎಂದು ಕೂಗಿದರು. ಕಟ್ಟೆಯ ಮೇಲಿನಿಂದ ಸಿದ್ದಪ್ಪ ಮೆಲ್ಲಗೆ ಕೇಳಿದ:

"ಮಾಸ್ತರ, ನಿಮ್ಮ ಮಡಿಗೆ ಬ್ಯಾಲಿ ಇತ್ತೇನ್ರಿ?"

"ಮೆಂತೆಕ್ಕ ಯಾರ ಬ್ಯಾಲಿ ಹಾಕ್ತಾರ?"

"ಹಂಗಾರ ತಪ್ಪ ನಿಮ್ದ ಆತು. ಬ್ಯಾಲಿ ಹಾಕದಾವ ದನಕ್ಕ ‘ಬಾ, ಉಣ್ಣು’ ಅಂದಂಗ. ಹೈಕೋರ್ಟ್ ಹೇಳೈತಿ."

"ಯಾವಾಗ ಹೇಳೈತಿ?"

"ಇವತ್ತ. ಮುಂಜಾನಿ."

ತೀರ್ಪಿನ ತಾಜಾತನಕ್ಕೇ ಮಾಸ್ತರರು ಸೋತರು. ಊರಿನ ಅರ್ಧ ಜನರ ಕಿವಿ ಹಿಂಡಿ ಹೆಸರಾದವರು ಆಡಿನ ಕಿವಿ ಬಿಟ್ಟುಕೊಟ್ಟರು. ಮರುದಿನ ಅವರು ಬೇಲಿ ಹಾಕುವಾಗ ಚಂದ್ರವ್ವ ಆಡನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, "ಅಲ್ಲೊಂದ ಸಂದಿ ಉಳದೈತಿ ನೋಡ್ರಿ ಮಾಸ್ತರ, ಆಮ್ಯಾಲೆ ನಮಗ ಅನಬ್ಯಾಡ್ರಿ" ಎಂದು ಉಸ್ತುವಾರಿ ಮಾಡಿದಳು.

ಎರಡನೆಯದು ಸೈಕಲ್ಲಿನದು. ಸಿದ್ದಪ್ಪನ ಬಾಜು ಮನೆಯ ಪಂಢರಿನಾಥ ಕಟ್ಟಿಗೆ ಡಿಪೋದಲ್ಲಿ ಕೆಲಸಕ್ಕಿದ್ದವನು, ಸಿದ್ದಪ್ಪನ ಬಾಲ್ಯದ ಗೆಳೆಯ. ಒಂದು ಸಂಜೆ ದೀಪವಿಲ್ಲದ ಸೈಕಲ್ಲಿನ ಮೇಲೆ ಬರುವಾಗ ಹವಾಲ್ದಾರ ಕೃಷ್ಣಾಜಿ ಅವನನ್ನು ಓಣಿಯ ಬಾಯಲ್ಲೇ ಹಿಡಿದರು. ಸಿದ್ದಪ್ಪ ಕಟ್ಟೆಯಿಂದ ಇಳಿದು ಬಂದು ಆಕಾಶಕ್ಕೆ ಬೊಟ್ಟು ಮಾಡಿದ.

"ಹವಾಲ್ದಾರ್ ಸಾಹೇಬ್ರ, ಅದೇನ್ರಿ?"

"ಚಂದ್ರ."

"ಚಂದ್ರನ ಬೆಳಕ ಇದ್ದಾಗ ಸೈಕಲ್ಲಿಗೆ ದೀಪ ಬೇಕಿಲ್ಲ. ಹೈಕೋರ್ಟ್ ಹೇಳೈತಿ. ಮೀರಿ ಹಿಡದ್ರ ಹಿಡದವ್ರ ಮ್ಯಾಲ ಬರ್ತೈತಿ."

ಕೃಷ್ಣಾಜಿ ಚಂದ್ರನನ್ನು ನೋಡಿದರು, ಸಿದ್ದಪ್ಪನನ್ನು ನೋಡಿದರು. ನಿವೃತ್ತಿ ಹತ್ತಿರವಿತ್ತು. "ಅಮಾಸಿ ದಿನ ನೋಡ್ಕೋತೀನಿ" ಎಂದು ಸೈಕಲ್ಲು ಬಿಟ್ಟು ಹೋದರು. ಪಂಢರಿನಾಥ ಅಂದಿನಿಂದ ಸಿದ್ದಪ್ಪನ ಪರಮಭಕ್ತ. ಡಿಪೋದಲ್ಲಿ, ಸಂತೆಯಲ್ಲಿ, ಕ್ಷೌರದಂಗಡಿಯಲ್ಲಿ, "ನಮ್ಮ ಬಾಜೂಕ್ಕ ಹೈಕೋರ್ಟ್ ಅದ" ಎಂದು ಹೇಳಿಕೊಂಡು ತಿರುಗಿದ. ಆ ಹೆಸರು ಅಂಟಿದ್ದೇ ಅವನ ಬಾಯಿಂದ. ಹಾವಿಗೆ ಹಾಲೆರೆಯುವುದೆಂದರೆ ಇದೇ.

ಈಗ ಬಾವಿಯ ವಿಷಯ ಹೇಳಬೇಕು. ಬಾವಿ ಪಂಢರಿನಾಥನ ಹಿತ್ತಲಲ್ಲಿತ್ತು. ಎರಡೂ ಹಿತ್ತಲುಗಳ ನಡುವೆ ಎದೆಮಟ್ಟದ ಗೋಡೆ, ಗೋಡೆಯಲ್ಲೊಂದು ಸಣ್ಣ ದಿಡ್ಡಿ ಬಾಗಿಲು. ಸಿದ್ದಪ್ಪನ ಮನೆಯ ನೀರೆಲ್ಲ ಆ ದಿಡ್ಡಿಯಿಂದಲೇ ಬರುತ್ತಿತ್ತು. ಅದಕ್ಕೊಂದು ರಿವಾಜು. ಮುಂಜಾನೆ ನಿಂಗವ್ವ ಕೊಡ ಹಿಡಿದು ದಿಡ್ಡಿಯ ಹತ್ತಿರ ನಿಂತು, "ಅಕ್ಕಾರ, ನೀರ ಸೇದಾಕ ಬರ್ಲೇನ್ರೀ?" ಎಂದು ಕೂಗಬೇಕು. ಒಳಗಿನಿಂದ ಪಂಢರಿನಾಥನ ಹೆಂಡತಿ ಕಾಶೀಬಾಯಿ ತನ್ನ ಮರಾಠಿಯಲ್ಲಿ, "ಯಾ ಯಾ!" ಎಂದರೆ ಬನ್ನಿ ಬನ್ನಿ, ಎನ್ನಬೇಕು. ಇವರ ಅತ್ತೆಯಂದಿರೂ ಹೀಗೇ ಕೇಳಿ, ಹೀಗೇ ಹೇಳಿ ಹೋದವರು. ಒಲ್ಲೆ ಎಂದ ದಾಖಲೆ ಇಲ್ಲ. ಆ ಒಂದು ಕೂಗಿನಲ್ಲೇ ಯಾರಿಗೆ ಜ್ವರ ಬಿಟ್ಟಿತು, ಯಾರ ಮನೆಗೆ ಬೀಗರು ಬಂದರು ಎಂಬ ಸುದ್ದಿಯೆಲ್ಲ ಗೋಡೆ ದಾಟಿಬಿಡುತ್ತಿತ್ತು.

ಬೇಸಿಗೆ ಬಲಿತ ಒಂದು ದಿನ ವಕೀಲರು ಗಾಡಿಯಲ್ಲಿ ಬಾವಿಯ ತೀರ್ಪು ಹೇಳಿದರು. ದೇಸೂರಿನಲ್ಲಿ ಇಳಿದ ಸಿದ್ದಪ್ಪನ ಕಾಲು ನೆಲಕ್ಕೆ ಹತ್ತಲಿಲ್ಲ. ಸಂಜೆ ಮನೆಗೆ ಬಂದವನು ಚಹಾಕ್ಕೂ ಕಾಯದೆ ಹೆಂಡತಿಗೆ ಆದೇಶ ಕೊಟ್ಟ.

"ನಾಳಿಂದ ಕಾಶೀಬಾಯಾರನ್ನ ಕೇಳಬ್ಯಾಡ. ಸೀದಾ ಹೋಗಿ ಸೇದ."

"ಕೇಳಿದ್ರ ಬಾಯೇನ ಸವೀತೈತೇನ್ರೀ?"

"ಹಕ್ಕ ಇದ್ದಲ್ಲಿ ಯಾರಾರ ಕೇಳ್ತಾರೇನ? ನೆಲುವಿನ ಮ್ಯಾಗಿನ ಗಡಿಗಿ ಇಳಸಾಕ ನೀ ಯಾರನ್ನ ಕೇಳ್ತಿ? ಭಾಳ ವರ್ಷ ಸೇದಿದಾವಗ ಬಾವಿ ಮ್ಯಾಲ ಹಕ್ಕ ಬರ್ತೈತಿ. ಹೈಕೋರ್ಟ್ ಹೇಳೈತಿ."

"ಹೈಕೋರ್ಟಿಗೆ ನೀರ ಬೇಕಾದ್ರ ಹೈಕೋರ್ಟ ಹೋಗಿ ಸೇದ್ಲಿ" ಎಂದು ನಿಂಗವ್ವ ಒಳಗೆ ಹೋದಳು.

ಮರುದಿನ ಹೈಕೋರ್ಟೇ ಕೊಡ ಎತ್ತಿಕೊಂಡು ಹೊರಟಿತು. ದಿಡ್ಡಿ ತೆಗೆದು, ಒಂದು ಮಾತಿಲ್ಲದೆ ನುಗ್ಗಿ, ಗಡಗಡ ಎಂದು ಹಗ್ಗ ಬಿಟ್ಟಿತು. ಕೂಗಿಲ್ಲದೆ ಗಾಲಿಯ ಸದ್ದು ಕೇಳಿದ ಕಾಶೀಬಾಯಿ ಕಳ್ಳರೆಂದೇ ತಿಳಿದು ಒನಕೆ ಹಿಡಿದು ಹೊರಗೆ ಓಡಿಬಂದಳು.

"ಅಗಬಾಯಿ! ನೀವಾ? ಕೇಳ್ಲಿಲ್ಲ ಏನಿಲ್ಲ, ನಾ ಕಳ್ಳರಂದ್ಕೊಂಡೆ."

"ಕಳ್ಳ ಅಲ್ರಿ ವೈನಿ. ಹಕ್ಕದಾರ."

ಬಾವಿಯ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ ಪಂಢರಿನಾಥ ಬಾಯಲ್ಲಿದ್ದುದನ್ನು ಉಗುಳಿದ. "ಏನಂದಿ?"

"ಹೈಕೋರ್ಟ್ ತೀರ್ಪ ಆಗೇತಿ ಪಂಢರಿ. ಈ ಬಾವಿ ನಿಂದೆಷ್ಟೋ ನಂದೂ ಅಷ್ಟ."

"ನಮ್ಮಪ್ಪ ತೋಡ್ಸಿದ ಬಾವಿಲೇ ಇದು!"

"ತೋಡ್ಸಿದಾವ ನಿಮ್ಮಪ್ಪ, ಸೇದಿದಾವ ನಮ್ಮಪ್ಪ. ಕಾಯ್ದೆ ಸೇದಿದಾವ್ನ ಕಡೆ ಐತಿ."

ಸೈಕಲ್ಲು ಬಿಡಿಸಿದ ಹೈಕೋರ್ಟು ಬಾವಿಗೂ ಕೈ ಹಾಕುತ್ತದೆಂದು ಪಂಢರಿನಾಥನಿಗೆ ಏನು ಗೊತ್ತು? ಅವನು ಸಿದ್ದಪ್ಪನನ್ನು ಕೊಡದ ಸಮೇತ ದಿಡ್ಡಿಯಾಚೆ ದಬ್ಬಿ, ಒಳಗಿನಿಂದ ಸಾಗವಾನಿಯ ಅಡ್ಡಗೋಲು ಜಡಿದ. "ನೀರ ಬೇಕಂದ್ರ ನಿನ್ನ ಹೈಕೋರ್ಟಿಗೆ ಹೋಗಿ ಸೇದ್ಕೋ!" ಕಾಶೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೇಳಿದ್ರ ನಾವ ಯಾವಾಗರ ಒಲ್ಲೆ ಅಂದೀವೇನು?" ಎಂದಳು. ಆ ಮಾತು ಗೋಡೆಯಾಚೆ ಇದ್ದ ನಿಂಗವ್ವನಿಗೆ ನಾಟಿತು. ಅವಳಿಗೂ ಅಳು ಬಂತು.

ಮರುದಿನದಿಂದ ಹೈಕೋರ್ಟಿನ ಹೆಗಲ ಮೇಲೆ ಮಲಪ್ರಭೆಯ ಕೊಡ. ಹೊಳೆಯಿಂದ ಮನೆ ತಲುಪುವುದರೊಳಗೆ ಅರ್ಧ ನೀರು ದಾರಿಗೆ, ಅರ್ಧ ಧೋತರಕ್ಕೆ. ಬಸಯ್ಯ ಮಾಸ್ತರರು ಹೊಸ ಬೇಲಿಯ ಹಿಂದೆ ನಿಂತು, "ಸಿದ್ದಪ್ಪಾ, ಹೊಳೀ ಮ್ಯಾಲ ಹಕ್ಕ ಬಂತೇನೋ?" ಎಂದು ಕೇಳುವುದನ್ನು ತಪ್ಪಿಸಲಿಲ್ಲ. ಸಿದ್ದಪ್ಪ ಮಾತ್ರ ಬಗ್ಗಲಿಲ್ಲ. ಗಾಡಿಗೆ ಹೊತ್ತಾಗುವ ಮೊದಲು ಹೇಗೋ ಎರಡು ಕೊಡ ತಂದು ಹಂಡೆಗೆ ಸುರಿದು ಓಡುತ್ತಿದ್ದ. ಆಶ್ಚರ್ಯವೆಂದರೆ ಸಂಜೆ ಬಂದು ನೋಡಿದರೆ ಹಂಡೆ ತುಂಬಿರುತ್ತಿತ್ತು. "ನೋಡಿದ್ಯಾ, ಹೊಳೀ ನೀರಿಗೆ ಬರಕತ್ ಐತಿ" ಎಂದು ಹೆಮ್ಮೆಪಟ್ಟ. ನಿಂಗವ್ವ ಪಲ್ಯಕ್ಕೆ ಉಪ್ಪು ಹಾಕಿದಳು.

ಅಷ್ಟರಲ್ಲಿ ಮಗಳು ಕಾಂತಾಳಿಗೆ ಬೆಳಗಾವಿಯಿಂದ ಒಂದು ಸಂಬಂಧ ಬಂತು. ಹುಡುಗ ಸತ್ಯಪ್ಪ, ಕ್ಯಾಂಪಿನ ಕಡೆ ಬ್ಯಾಂಕಿನಲ್ಲಿ ನೌಕರಿ. ತಾಯಿ ಪದ್ಮವ್ವ ಯಾವುದೋ ಲಗ್ನದಲ್ಲಿ ಕಾಂತಾಳನ್ನು ನೋಡಿ ಮೆಚ್ಚಿದ್ದಳು. ಕಾಂತಾಳಿಗೂ ಹುಡುಗ ಒಪ್ಪಿಗೆಯಾಗಿದ್ದ. ಅವನ ಹೆಸರು ಬಂದಾಗಲೆಲ್ಲ ಅವಳು ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು. ರವಿವಾರ ಬಂದು ಎಲ್ಲ ಸರಿಬಂದರೆ ಸಕ್ಕರೆ ತಿಂದು ಗಟ್ಟಿಮಾಡಿ ಹೋಗುತ್ತೇವೆಂದು ಹೇಳಿಕಳಿಸಿದರು. ಸಿದ್ದಪ್ಪ ಹಿಗ್ಗಿದ. ನಿಂಗವ್ವ ಹಣೆ ಹಣೆ ಬಡಿದುಕೊಂಡಳು.

"ಪದ್ಮವ್ವಂದು ಒಂದ ಪದ್ಧತಿ ಐತಂತ್ರೀ. ಹುಡುಗಿ ಮನ್ಯಾಗ ಚಹಾ ಕುಡೀತಾಳ, ಬಾಜು ಮನಿಗೆ ಹೋಗಿ ಹುಡುಗಿ ಹೆಂಗ ಅಂತ ಕೇಳ್ತಾಳ. ಬಾಜೂದವ್ರ ಮಾತ ಆಕಿಗೆ ವೇದ."

ಸಿದ್ದಪ್ಪನ ಮುಖ ಇಳಿಯಿತು. ಅವನ ಮನೆಗೆ ಬಾಜು ಮನೆ ಒಂದೇ. ಇನ್ನೊಂದು ಕಡೆ ಹುಣಸೇ ಗಿಡ.

"ಹೋಗಿ ಪಂಢರಿನಾಥಗ ತಪ್ಪಾತು ಅನ್ರಿ."

"ತೀರ್ಪ ನನ್ನ ಕಡೆ ಇದ್ದಾಗ ನಾ ಹೆಂಗ ತಪ್ಪಾತು ಅನ್ಲಿ?" ಎಂದ ಸಿದ್ದಪ್ಪ. ಆದರೆ ದನಿಯಲ್ಲಿ ಮೊದಲಿನ ಜೋರಿರಲಿಲ್ಲ. ಮಗಳ ಲಗ್ನ ತನ್ನ ಬಾಯಿಂದ ಮುರಿದರೆ ಎಂದು ಅವನಿಗೆ ಒಳಗೊಳಗೇ ಭಯ ಹತ್ತಿತ್ತು.

ರವಿವಾರ ಬೀಗರು ಬಂದರು. ಟಾಂಗಾದಿಂದ ಪದ್ಮವ್ವ ಇಳಿದಳು, ಸತ್ಯಪ್ಪ ಇಳಿದ, ಅವರ ಹಿಂದೆ ಹುಡುಗನ ಸೋದರಮಾವ ಇಳಿದರು. ನೋಡಿದರೆ ಗುರುಪುತ್ರಪ್ಪ ವಕೀಲರು! ಸಿದ್ದಪ್ಪನಿಗೆ ದೇವರೇ ಟಾಂಗಾದಿಂದ ಇಳಿದಂತಾಯಿತು. ತನ್ನ ಕಡೆಯ ತೀರ್ಪು, ಅದನ್ನು ಹೇಳಿದ ಬಾಯಿ ಸಮೇತ ಮನೆಗೆ ಬಂದಿದೆ! ಇನ್ನು ಪಂಢರಿನಾಥ ತಾನಾಗಿಯೇ ಬಗ್ಗುತ್ತಾನೆ, ಬಾಜು ಮನೆಯ ಮಾತೂ ಸರಿಹೋಗುತ್ತದೆ ಎಂದು ಅವನ ತಲೆ ಓಡಿತು. ಕೈಗೆ ಸಿಕ್ಕವರನ್ನೆಲ್ಲ ಹಿತ್ತಲಿಗೆ ಕರೆದ. ಬಸಯ್ಯ ಮಾಸ್ತರರು ಬಂದರು, ಚಂದ್ರವ್ವ ಆಡಿನೊಂದಿಗೆ ಬಂದಳು, ರಜೆಯ ಮೇಲಿದ್ದ ಹವಾಲ್ದಾರ ಕೃಷ್ಣಾಜಿ ಬಂದರು. ಚಹಾ ಆಯಿತು. ಪದ್ಮವ್ವ ಎರಡು ಗುಟುಕು ಕುಡಿದು, "ನೀರ ಭಾಳ ಸವಿ ಐತಿ" ಎಂದಳು.

"ಹೊಳೀದ್ರಿ" ಎಂದು ಸಿದ್ದಪ್ಪ ಗೋಡೆಯಾಚೆ ಕೇಳುವಂತೆ ಕೂಗಿ, ವಕೀಲರ ಕಡೆ ತಿರುಗಿದ. "ವಕೀಲ ಸಾಹೇಬ್ರ, ನಾ ದಿನಾ ನಿಮ್ಮ ಬೆನ್ನಿಗೆ ಕುಂತಾವ. ನಿಮ್ಮ ತೀರ್ಪಿನ ಮ್ಯಾಲೇ ಈ ಓಣಿ ನಡದೈತಿ. ಆ ಬಾವೀ ತೀರ್ಪ ಒಮ್ಮೆ ಎಲ್ಲಾರ ಮುಂದ ಹೇಳ್ರಿ."

ಗೋಡೆಯ ಮೇಲೆ ಪಂಢರಿನಾಥನ ತಲೆ ಮೂಡಿತು. ವಕೀಲರಿಗೂ ಯಾರಾದರೂ ಹೇಳಿರೆಂದರೆ ಸಾಕಾಗಿತ್ತು. ಗಂಟಲು ಸರಿಮಾಡಿಕೊಂಡು ಖಾನಾಪುರದಿಂದಲೇ ಶುರು ಮಾಡಿದರು. ಬಾವಿ ಒಬ್ಬಾತನದು, ನೀರು ಸೇದಿದ್ದು ಬಾಜು ಮನೆಯವನು, ಜಗಳವಾಯಿತು. ಬಾಜು ಮನೆಯವನಿಗೆ ಹಕ್ಕಿಲ್ಲ ಎಂದರು ಮುನ್ಸಿಫರು. ಅಪೀಲ ಆಯಿತು. "ಅಪೀಲಿನ ಕೋರ್ಟಿನವ್ರು ಅಂದ್ರು: ಭಾಳ ವರ್ಷ ಸೇದ್ಯಾನ, ಹಕ್ಕ ಬಂದೈತಿ!"

"ಕೇಳಿದ್ರೇನಪಾ ಎಲ್ಲಾರೂ!" ಎಂದು ಸಿದ್ದಪ್ಪ ಎದ್ದು ನಿಂತ. ಅಭ್ಯಾಸಬಲದಿಂದ ಡಬ್ಬಿಗಾಗಿ ಕೈ ಕೂಡ ಚಾಚಿದ. "ಮುಗೀತು!"

"ಎಲ್ಲಿ ಮುಗೀತ್ರಿ? ಕುಂದರ್ರಿ. ಹೈಕೋರ್ಟ್ ಇನ್ನ ಬಂದ ಇಲ್ಲ."

"ಅಪೀಲ ಆತಲ್ರೀ?"

"ಅದು ಜಿಲ್ಲಾ ಕೋರ್ಟಿನ ಅಪೀಲ. ಅದರ ಮ್ಯಾಲ ಹೈಕೋರ್ಟು."

"ಗಾಡ್ಯಾಗ ನೀವ ಇದನ್ನ ಎಂದೂ ಹೇಳೇ ಇಲ್ಲ!"

"ದಿನಾ ಹೇಳ್ತೀನಲ್ರೀ, ದೇಸೂರ ಬಿಟ್ಟ ಮ್ಯಾಲೆ. ನೀವೆಲ್ಲಿ ಇಳೀತೀರಿ?"

ಸಿದ್ದಪ್ಪ ಬಹಳ ಸಣ್ಣ ದನಿಯಲ್ಲಿ, "ದೇಸೂರ" ಎಂದ.

ವಕೀಲರು ಬಿಡಲಿಲ್ಲ, ಗಾಡಿಯನ್ನು ಬೆಳಗಾವಿಗೆ ಮುಟ್ಟಿಸಿಯೇ ನಿಂತರು. "ಹೈಕೋರ್ಟ್ ಏನ ಹೇಳ್ತು ಅಂದ್ರ, ಆ ಮನ್ಯಾವ್ರು ದಿನಾ ಕೇಳಿ ಸೇದ್ತಿದ್ರು. ಕೇಳಿ ತೊಗೊಂಡದ್ದು ಎಷ್ಟ ವರ್ಷ ತೊಗೊಂಡ್ರೂ ಉಪಕಾರ. ಹಕ್ಕ ಆಗೂದಿಲ್ಲ. ಜಿಲ್ಲಾ ಕೋರ್ಟಿನ ತೀರ್ಪ ರದ್ದು!"

ಗೋಡೆಯ ಮೇಲಿನ ತಲೆ ಖೋ ಎಂದು ನಕ್ಕಿತು. ಬಸಯ್ಯ ಮಾಸ್ತರರು ಮುಂದೆ ಬಂದರು. "ವಕೀಲರ, ಬ್ಯಾಲಿ ಇಲ್ಲದ ಮಡಿ ದನಾ ಮೇಯ್ದದ್ದು?"

"ದನದ ಮಾಲಕಂದ ತಪ್ಪ ಅಂತು ಹೈಕೋರ್ಟು."

ಚಂದ್ರವ್ವ ಆಡನ್ನು ಬಗಲಿಗೆ ಎತ್ತಿಕೊಂಡು ಯಾರಿಗೂ ಕಾಣದಂತೆ ಜಾಗ ಖಾಲಿ ಮಾಡಿದಳು.

"ಚಂದ್ರನ ಬೆಳಕಿನ್ಯಾಗ ಸೈಕಲ್?" ಎಂದರು ಕೃಷ್ಣಾಜಿ.

"ಚಂದ್ರ ಇರ್ಲಿ, ಚುಕ್ಕಿ ಇರ್ಲಿ, ದೀಪ ಬೇಕ ಬೇಕು."

ಕೃಷ್ಣಾಜಿ ಮೆಲ್ಲಗೆ ಗೋಡೆಯ ಕಡೆ ತಿರುಗಿದರು. ನಗುತ್ತಿದ್ದ ತಲೆ ಗೋಡೆಯ ಹಿಂದೆ ಇಳಿದುಹೋಯಿತು.

ಈ ಗದ್ದಲದಲ್ಲಿ ಪದ್ಮವ್ವ ಬಟ್ಟಲು ಕೆಳಗಿಟ್ಟು ಎದ್ದಳು. "ಎಲ್ಲಾ ಕೇಳ್ದೆ. ಬಾಜು ಮನಿಯವ್ರದೊಂದ ಮಾತ ಕೇಳಿ ಬರ್ತೀನಿ" ಎಂದು ಮುಂದಿನ ಬಾಗಿಲಿನಿಂದ ಸುತ್ತಿಹೋದಳು. ಕಾಂತಾ ತೊಲೆಗಂಬ ಹಿಡಿದು ನಿಂತಿದ್ದಳು. ಸಿದ್ದಪ್ಪ ಅವಳ ಮುಖ ನೋಡಿದ. ಎಲ್ಲ ತೀರ್ಪುಗಳೂ ಸುಟ್ಟುಹೋಗಲಿ, ಇದೊಂದು ಉಳಿಯಲಿ ಎಂದು ಮನಸ್ಸಿನಲ್ಲೇ ಬಸವಣ್ಣನಿಗೆ ಕೈಮುಗಿದ. ಗೋಡೆಯಾಚೆ ಮಾತು ಶುರುವಾಯಿತು.

"ಬಾಯಾರ, ಹುಡುಗಿ ಅಪ್ಪ ಹೆಂಗ್ರಿ?"

"ಆ ಮನಶ್ಯಾನ ಬಗ್ಗೆ ಕೇಳಬ್ಯಾಡ್ರಿ. ಛೊಲೋ ಇದ್ದ. ಗಾಡ್ಯಾಗ ಕುಂತ ಕೆಟ್ಟ."

"ಮತ್ತ ಹುಡುಗಿ?"

ಕಾಶೀಬಾಯಿಯ ದನಿ ದಿಡ್ಡಿಯ ಹತ್ತಿರ ಬಂತು. "ಈ ದಿಡ್ಡಿಗೆ ನಮ್ಮವ್ರು ಅಡ್ಡಗೋಲ ಜಡದಾರ ನೋಡ್ರಿ. ಅವರಪ್ಪ ಗಾಡಿಗೆ ಹೋಗ್ತಾನ, ನಮ್ಮವ್ರು ಡಿಪೋಕ್ಕ ಹೋಗ್ತಾರ. ಆಮ್ಯಾಲೆ ಕಾಂತಾ ದಿನಾ ಬಂದು, ‘ಮಾವಶಿ, ನೀರ ಸೇದಾಕ ಬರ್ಲೇನು?’ ಅಂತ ಕೇಳ್ತಾಳ. ನಾ ಅಡ್ಡಗೋಲ ತಗೀತೀನಿ. ಹಂಡೆ ತುಂಬಿಸ್ಕೊಂಡ ಹೋಗ್ತಾಳ. ಈ ಗಂಡಸರಿಗೆ ಇಬ್ಬರಿಗೂ ಪತ್ತೇ ಇಲ್ಲ. ನೀವ ಕುಡದ ಚಹಾ ನಮ್ಮ ಬಾವೀದು. ಆ ಹುಡುಗಿ ನಿಮ್ಮ ಮನಿಗೆ ಬಂತಂದ್ರ ನಾ ಮುಂಜಾನೆದ್ದ ಯಾರಿಗೆ ‘ಯಾ ಯಾ’ ಅನ್ಲಿ ಹೇಳ್ರಿ?"

ಗೋಡೆಯ ಈಚೆ ಸಿದ್ದಪ್ಪ ಹಂಡೆಯನ್ನು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ನಿಂಗವ್ವ ಹುಣಸೇ ಗಿಡವನ್ನು ನೋಡುತ್ತಿದ್ದಳು. ಗೋಡೆಯಾಚೆಯಿಂದ ಪಂಢರಿನಾಥ, "ದಿನಾ ತಗೀತಿದ್ದಿ?" ಎಂದದ್ದೂ, "ಹಾಂ, ದಿನಾ" ಎಂದು ಅವನ ಹೆಂಡತಿ ಅಂದದ್ದೂ ಕೇಳಿಸಿತು.

ಪದ್ಮವ್ವ ತಿರುಗಿ ಬಂದು ಚಾಪೆಯ ಮೇಲೆ ಗಟ್ಟಿಯಾಗಿ ಕೂತಳು. "ಸಕ್ಕರಿ ತರ್ರಿ" ಎಂದಳು. ಕಾಂತಾ ಒಲೆಯ ಮುಂದೆ ಓಡಿದಳು. ಸತ್ಯಪ್ಪ ಬಂದಾಗಿನಿಂದ ಮೊದಲ ಸಲ ನಕ್ಕ.

ಎಲ್ಲರ ಬಾಯಿ ಸಿಹಿಯಾಗುತ್ತಿರುವಾಗ ಅಡ್ಡಗೋಲು ಸರಿದ ಸದ್ದಾಯಿತು. ದಿಡ್ಡಿಯಲ್ಲಿ ಪಂಢರಿನಾಥ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಸಿದ್ಯಾ, ಹುಡುಗಿ ಕೇಳ್ಯಾಳ. ನೀ ಇನ್ನೂ ಕೇಳಿಲ್ಲ."

ಸಿದ್ದಪ್ಪ ವಕೀಲರ ಕಿವಿಯ ಹತ್ತಿರ ಬಗ್ಗಿ, "ಈಗ ಕೇಳಿದ್ರ ಇದ್ದಬಿದ್ದ ಹಕ್ಕೂ ಹೋಗ್ತೈತೇನ್ರಿ?" ಎಂದ.

"ಪೂರ್ತಿ ಹೋಗ್ತೈತಿ."

ಸಿದ್ದಪ್ಪ ಖಾಲಿ ಕೊಡ ಎತ್ತಿಕೊಂಡ. ಬೀಗರು, ಮಾಸ್ತರರು, ಹವಾಲ್ದಾರರು ಎಲ್ಲರೂ ನೋಡುತ್ತಿರುವಾಗಲೇ ದಿಡ್ಡಿಯ ಹತ್ತಿರ ಹೋಗಿ, ನೆಲ ನೋಡುತ್ತಾ ನಿಂತು ಕೇಳಿದ:

"ಪಂಢರೀ, ನೀರ ಸೇದಾಕ ಬರ್ಲೇನೋ?"

ಪಂಢರಿನಾಥ ಆಕಾಶ ನೋಡಿದ, ಮೀಸೆ ತಿರುವಿದ, ಬಹಳ ಹೊತ್ತು ವಿಚಾರ ಮಾಡಿದ.

"ತೀರ್ಪ ನಾಳಿಗೆ" ಎಂದ. ಎಂದು, ಸಿದ್ದಪ್ಪನ ಕೈಯಿಂದ ಕೊಡ ಕಸಿದುಕೊಂಡು ತಾನೇ ಬಾವಿಗೆ ಹಗ್ಗ ಬಿಟ್ಟ.